ಅಂಚಿನಾಚೆ ಹೋದವರು

ಡೆಸ್ಕ್‌ಟಾಪಿಗೆ ಒಂದು ಫೋಟೋ ಹಾಕಿಕೊಳ್ಳುವುದರಲ್ಲಿ ಸರಿ-ತಪ್ಪಿನ ಮಾತೇನು ಬಂತು ಎಂದು ಯಾರಾದರೂ ಕೇಳಬಹುದು. ಬೇಕಾದಷ್ಟನ್ನು ಇಟ್ಟುಕೊಂಡು ಬೇಡದ್ದನ್ನು ಕತ್ತರಿಸುವುದು, ಅಷ್ಟೇ ತಾನೆ? ಆದರೆ ಮುಂಬಯಿಯಲ್ಲಿ ದುಡಿಯುವ ನಮ್ಮಂಥವರಿಗೆ, ಬೆಳಿಗ್ಗೆ ಲೋಕಲ್ ಹಿಡಿದು ಆಫೀಸು ಸೇರಿದ ಮೇಲೆ ಸಂಜೆಯವರೆಗೂ ಎದುರಿಗಿರುವುದು ಆ ಪರದೆಯೇ. ಮನೆಯ ದೇವರ ಪಟಕ್ಕಿಂತ, ಗೋಡೆಯ ಮೇಲಿನ ಅಜ್ಜನ ಫೋಟೋಕ್ಕಿಂತ ಹೆಚ್ಚು ಸಲ ಕಣ್ಣಿಗೆ ಬೀಳುವ ಚಿತ್ರ ಅದು. ಅಷ್ಟು ಸಲ ನೋಡಿದ್ದು ಮನಸ್ಸಿಗೆ ಏನನ್ನಾದರೂ ಮಾಡದೇ ಬಿಡುವುದಿಲ್ಲ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಆಫೀಸುಗಳ ಸಾಮಾನ್ಯ ಮಾನಿಟರ್ 1920×1080 ಪಿಕ್ಸೆಲ್‌ನದು. ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. 6000×4000 ಅಳತೆಯ ಕ್ಯಾಮೆರಾ ಚಿತ್ರವನ್ನು ಪೂರ್ತಿ ಅಗಲ ಉಳಿಸಿಕೊಂಡು ಇದಕ್ಕೆ ಹೊಂದಿಸಿದರೆ, ಎತ್ತರದಲ್ಲಿ 625 ಸಾಲು ಬಿಟ್ಟುಕೊಡಬೇಕು. ಅದು ದೊಡ್ಡ ನಷ್ಟವಲ್ಲ. ಮೊಬೈಲನ್ನು ಲಂಬವಾಗಿ ಹಿಡಿದು ತೆಗೆದ 3000×4000ದ ಫೋಟೋ ಆದರೆ ಉಳಿಯುವುದು ಸುಮಾರು 1687 ಸಾಲು ಮಾತ್ರ. ನೂರಕ್ಕೆ 58 ಪಾಲು ಚಿತ್ರ ಹೋಯಿತು! ಗಾತ್ರ ಕುಗ್ಗಿಸುವುದಕ್ಕೂ ಕ್ರಾಪ್ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಕುಗ್ಗಿಸಿದಾಗ ಚಿತ್ರದಲ್ಲಿದ್ದವರೆಲ್ಲ ಒಂದೇ ಪ್ರಮಾಣದಲ್ಲಿ ಚಿಕ್ಕವರಾಗುತ್ತಾರೆ. ಕ್ರಾಪ್ ಮಾಡಿದಾಗ ಕೆಲವರು ಇದ್ದಂತೆಯೇ ಇರುತ್ತಾರೆ, ಕೆಲವರು ಇಲ್ಲವಾಗುತ್ತಾರೆ.

ಮುಂಬಯಿ ಎದ್ದು ನಿಂತ ಊರು, ಪರದೆ ಅಡ್ಡಡ್ಡ ಮಲಗಿದ್ದು. ಹಾಗಾಗಿ ಈ ಊರಿನ ಫೋಟೋಗಳಿಗೆ ಕತ್ತರಿ ಹೆಚ್ಚು. ಅದೂ ಎಲ್ಲಿ ಬೀಳುತ್ತದೆ ನೋಡಿ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿದ, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ವಿ.ಟಿ. ನಿಲ್ದಾಣವನ್ನೇ, ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನೇ, ತೆಗೆದುಕೊಳ್ಳಿ. ಅದರ ಗುಮ್ಮಟದ ತುದಿಯಲ್ಲಿ ‘ಪ್ರಗತಿ’ಯ ಮೂರ್ತಿಯೊಂದು ನಿಂತಿದೆ. ಅದನ್ನು ಯಾರೂ ಕತ್ತರಿಸುವುದಿಲ್ಲ. ಕತ್ತರಿ ಬೀಳುವುದು ಕೆಳಗೆ: ಬೆಸ್ಟ್ ಬಸ್ಸಿಗೆ ಓಡುವವರು, ಟ್ಯಾಕ್ಸಿಯವರು, ಫುಟ್‌ಪಾತಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತವರು. ಉಳಿದದ್ದು ಬಹಳ ಸುಂದರ, ನಿಜ. ಆದರೆ ಪ್ರಯಾಣಿಕರಿಲ್ಲದ ರೈಲು ನಿಲ್ದಾಣ ನಿಲ್ದಾಣವಲ್ಲ, ಅರಮನೆ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೀ ಲಿಂಕ್‌ನ ಚಿತ್ರಗಳದ್ದೂ ಇದೇ ಕತೆ. ತಂತಿಗಳು ಹೊಳೆಯುತ್ತವೆ, ವರ್ಲಿ ಕೋಳಿವಾಡದ ದೋಣಿಗಳೂ ಒಣಹಾಕಿದ ಬಲೆಗಳೂ ಮೊದಲು ಹೋಗುತ್ತವೆ.

‘ಹಾಗಾದರೆ ಕ್ರಾಪ್ ಮಾಡಲೇಬಾರದೇ?’ ಎಂದರೆ, ಅದು ಆಗದ ಮಾತು. ಕ್ಯಾಮೆರಾ ಎತ್ತಿದ ಕ್ಷಣವೇ ನಾವು ಲೋಕದ ಒಂದು ತುಂಡನ್ನು ಕತ್ತರಿಸಿಯಾಗಿದೆ. ಅಂಚಿಲ್ಲದ ಚಿತ್ರವೇ ಇಲ್ಲ. ಕ್ರಾಪ್ ಮಾಡುವುದನ್ನು ಒಪ್ಪದ ಛಾಯಾಗ್ರಾಹಕನೆಂದೇ ಹೆಸರಾದ ಆನ್ರಿ ಕಾರ್ತಿಯೇ-ಬ್ರೆಸೋಂ ಅವರ 1932ರ ಪ್ರಸಿದ್ಧ ಚಿತ್ರ, ಪ್ಯಾರಿಸ್ಸಿನ ನಿಲ್ದಾಣದ ಹಿಂದೆ ನಿಂತ ನೀರಿನ ಮೇಲೆ ಜಿಗಿಯುವ ಮನುಷ್ಯನದು, ಕ್ರಾಪ್ ಆದದ್ದೇ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಬೇಲಿಯೂ ಒಂದು ಬದಿಗೆ ಬಂದಿತ್ತು. ಅದನ್ನು ತೆಗೆದುದರಿಂದ ಯಾರಿಗೂ ಏನೂ ಆಗಲಿಲ್ಲ.

ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು. ವಿರಾರ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದವನಿಗೆ ಪರದೆಯ ಮೇಲೂ ಜನಜಂಗುಳಿ ಬೇಕೇ? ಕಣ್ಣಿಗೆ ಒಂದಿಷ್ಟು ಖಾಲಿ ಜಾಗ, ಹಸಿರು, ನೀರು ಕೊಟ್ಟುಕೊಳ್ಳುವ ಹಕ್ಕು ಅವನಿಗಿಲ್ಲವೇ? ಖಂಡಿತ ಇದೆ. ವಿಶ್ರಾಂತಿಗೆ ಸತ್ಯದ ಲೈಸೆನ್ಸು ಬೇಕಿಲ್ಲ. ನನ್ನ ತಕರಾರು ಶುರುವಾಗುವುದು ಆ ಮೇಲೆ, ವಿಶ್ರಾಂತಿಗೆಂದು ಮಾಡಿಕೊಂಡ ಚಿತ್ರ ಮೆಲ್ಲಗೆ ಸಾಕ್ಷಿಯಾಗಿ ಬದಲಾದಾಗ.

2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಗ್ರೇತಾ ಥುನ್‌ಬರ್ಗ್ ಸೇರಿ ಐವರು ಯುವತಿಯರು, ಹವಾಮಾನಕ್ಕಾಗಿ ಹೋರಾಡುವವರು, ಒಟ್ಟಿಗೆ ನಿಂತಿದ್ದರು. ಅಸೋಸಿಯೇಟೆಡ್ ಪ್ರೆಸ್ ಹಂಚಿದ ಫೋಟೋದಲ್ಲಿ ನಾಲ್ವರೇ ಇದ್ದರು. ಹೊರಗುಳಿದವರು ಉಗಾಂಡದ ವನೆಸ್ಸಾ ನಕಾಟೆ, ಗುಂಪಿನಲ್ಲಿದ್ದ ಒಬ್ಬರೇ ಒಬ್ಬ ಕಪ್ಪು ಹೆಣ್ಣುಮಗಳು. ಅವರ ಹಿಂದೆ ಇದ್ದ ಕಟ್ಟಡ ಚಿತ್ರದ ಅಂದ ಕೆಡಿಸುತ್ತಿತ್ತು, ಅದಕ್ಕೇ ಕತ್ತರಿಸಿದ್ದು ಎಂದರು. ಆಮೇಲೆ ಸಂಸ್ಥೆ ಕ್ಷಮೆ ಕೇಳಿತು. ಇಲ್ಲಿ ನಮಗೆ ಪಾಠವಿರುವುದು ಆ ಕಾರಣದಲ್ಲಿ. ಅವರು ಹೇಳಿದ್ದು ನಿಜವೇ ಎಂದಿಟ್ಟುಕೊಳ್ಳೋಣ, ಯಾವ ದ್ವೇಷವೂ ಇರಲಿಲ್ಲ. ಆದರೂ ಮನುಷ್ಯಳೊಬ್ಬಳು ಕಟ್ಟಡದ ಜೊತೆಗೆ ಹೋದಳಲ್ಲ! ಅಂದ ನೋಡುವ ಕಣ್ಣಿಗೆ ಅವಳೂ ಕಟ್ಟಡವೂ ಒಂದೇ ‘ಅಡ್ಡಿ’ಯಾದವು. ಅನ್ಯಾಯಕ್ಕೆ ಯಾವಾಗಲೂ ಕೆಟ್ಟ ಮನಸ್ಸೇ ಬೇಕೆಂದಿಲ್ಲ. ಒಳ್ಳೆಯ ಅಭಿರುಚಿಯೂ ಸಾಕು.

ಇದು ದೊಡ್ಡ ಸುದ್ದಿಸಂಸ್ಥೆಗಳ ವಿಷಯ, ನಮಗೇನು ಎನ್ನುವ ಹಾಗಿಲ್ಲ. ವಲಸೆ ಬಂದ ನಾವು ಎರಡೂ ಕಡೆಗೆ ಕತ್ತರಿ ಆಡಿಸುವವರು. ಊರಿನ ಕೆರೆಯನ್ನು ಪರದೆಗೆ ಹಾಕುವಾಗ ಮೊಬೈಲ್ ಟವರು, ಪಕ್ಕದ ಆರ್‌ಸಿಸಿ ಮನೆ, ದಡದಲ್ಲಿ ಬಟ್ಟೆ ಒಗೆಯುವವರು ಹೋಗುತ್ತಾರೆ. ಬಿಟ್ಟು ಬಂದ ಊರು ಬದಲಾಗಲೇ ಇಲ್ಲ ಎಂಬ ನೆಮ್ಮದಿ ಉಳಿಯುತ್ತದೆ. ಇಲ್ಲಿಂದ ಊರಿಗೆ ಕಳಿಸುವುದು ಮರೀನ್ ಡ್ರೈವಿನ ಸಂಜೆ. ನಾಲಾಸೋಪಾರಾದ ಒಂದು ಕೋಣೆ, ನೀರಿನ ಡ್ರಮ್ಮು, ರೂಮ್‌ಮೇಟಿನ ಹಾಸಿಗೆ ಅಂಚಿನಾಚೆ. ಆ ಸಂಜೆಯನ್ನು ನಂಬಿ ಅಲ್ಲೊಬ್ಬ ಹುಡುಗ ಪಿಯುಸಿ ಮುಗಿಸಿ ಬ್ಯಾಗು ಕಟ್ಟುತ್ತಾನೆ. ನಾವು ಸುಳ್ಳು ಹೇಳಿರುವುದಿಲ್ಲ, ತೋರಿಸಿದ್ದೆಲ್ಲ ನಿಜವೇ. ತೋರಿಸದ್ದರ ಲೆಕ್ಕ ಕೊಡುವವರು ಮಾತ್ರ ಯಾರೂ ಇಲ್ಲ.

ಚೌಕಟ್ಟು ಕಾಗದಕ್ಕೆ ಬಂದಾಗ ಬೆಲೆ ಇನ್ನೂ ಹೆಚ್ಚು. ಮಹಾರಾಷ್ಟ್ರದ ಜೋಪಡಿಪಟ್ಟಿ ಪುನರ್ವಸತಿಯಲ್ಲಿ 2000ದ ಜನವರಿ 1 ಒಂದು ಅಂಚು: ಅದಕ್ಕೆ ಮುಂಚಿನಿಂದ ಇದ್ದೇವೆಂದು ದಾಖಲೆ ತೋರಿಸಿದವರಿಗೆ ಉಚಿತ ಮನೆ. 2011ರ ಜನವರಿ 1 ಇನ್ನೊಂದು: ಅಲ್ಲಿಯವರೆಗಿನವರಿಗೆ ಹಣ ಕಟ್ಟಿದರೆ ಮನೆ. ಆಮೇಲೆ ಬಂದವರು ಚಿತ್ರದಲ್ಲೇ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂಬುದನ್ನು ನಾನೂ ಬಲ್ಲೆ. ಆದರೆ ಗೆರೆಯಾಚೆ ಇರುವವರು ‘ಅನರ್ಹ’ರಾಗಬಹುದೇ ಹೊರತು ‘ಇಲ್ಲದವರು’ ಆಗುವುದಿಲ್ಲ. ದಿನವೂ ಖಾಲಿ ಚಿತ್ರ ನೋಡಿ ಪಳಗಿದ ಕಣ್ಣು ಈ ಎರಡು ಮಾತುಗಳ ನಡುವಿನ ಅಂತರವನ್ನು ಬೇಗ ಮರೆಯುತ್ತದೆ.

ವಿಂಡೋಸ್‌ನಲ್ಲಿ ವಾಲ್‌ಪೇಪರ್ ಕೂರಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ‘ಸ್ಟ್ರೆಚ್’ ಎಂದರೆ ಎಳೆದು ಹಿಗ್ಗಿಸುವುದು: ಎಲ್ಲರೂ ಇರುತ್ತಾರೆ, ಯಾರ ಮುಖವೂ ಅವರದಲ್ಲ. ‘ಫಿಲ್’ ಎಂದರೆ ಪರದೆ ತುಂಬಿಸಿ ಹೆಚ್ಚಾದದ್ದನ್ನು ಕತ್ತರಿಸುವುದು. ‘ಫಿಟ್’ ಎಂದರೆ ಚಿತ್ರವನ್ನು ಇಡಿಯಾಗಿ ಇಟ್ಟು ಉಳಿದ ಜಾಗವನ್ನು ಖಾಲಿ ಬಿಡುವುದು. ಮೂರನೆಯದು ನೋಡಲು ಚಂದವಿಲ್ಲ, ಎರಡೂ ಬದಿ ಬೋಳು ಪಟ್ಟಿ. ಆದರೆ ಈ ಚಿತ್ರವೂ ಈ ಪರದೆಯೂ ಒಂದಕ್ಕೊಂದು ಹೇಳಿಮಾಡಿಸಿದ್ದಲ್ಲ ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ಎಲ್ಲರೂ ‘ಫಿಟ್’ ಒತ್ತಿ ಎಂದು ಹೇಳುತ್ತಿಲ್ಲ. ನಾನು ಪಾಲಿಸುವುದು ಇಷ್ಟು: ಬೇಲಿ, ಆಕಾಶ, ಗೋಡೆ ಕತ್ತರಿಸಲು ಯೋಚಿಸುವುದಿಲ್ಲ, ಮನುಷ್ಯರ ಮೇಲೆ ಕತ್ತರಿ ಬರುವಾಗ ಒಮ್ಮೆ ಅವರತ್ತ ನೋಡುತ್ತೇನೆ. ಮೂಲ ಫೋಟೋದ ಮೇಲೆಯೇ ಸೇವ್ ಮಾಡುವುದಿಲ್ಲ, ಬೇರೆ ಹೆಸರು ಕೊಟ್ಟು ಇಡುತ್ತೇನೆ. ಪಕ್ಕದ ಟೇಬಲ್ಲಿನವರು ಪರದೆಯತ್ತ ಬಗ್ಗಿ ‘ಇದೇ ಏನ್ರೀ ನಿಮ್ಮೂರು?’ ಎಂದು ಕೇಳಿದರೆ ‘ಹೌದು, ಅದರಲ್ಲಿ ಸ್ವಲ್ಪ’ ಎನ್ನುತ್ತೇನೆ.