ಎದುರು ಗಾಳಿ ತರುವ ಸುಳಿವು


*ಇಂದಿನ ಧಮ್ಮ ಚಿಂತನೆ*

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಧಮ್ಮ ಬಂಧುಗಳೇ,

ಲಾಭ-ನಷ್ಟ, ಕೀರ್ತಿ-ಅಪಕೀರ್ತಿ, ನಿಂದೆ-ಹೊಗಳಿಕೆ, ಸುಖ-ದುಃಖ. ಈ ಎಂಟು ಯಾರನ್ನೂ ಬಿಡುವುದಿಲ್ಲ ಎಂದು ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ತಿಳಿಸಿದ್ದಾರೆ. ಇವು ಲೋಕಧಮ್ಮಗಳು. ಮುಂದಿನ ಬೌದ್ಧ ಪರಂಪರೆ ಇವನ್ನೇ ಎಂಟು ಗಾಳಿಗಳು ಎಂದು ಕರೆಯಿತು. ತಪ್ಪಿಸಿಕೊಳ್ಳಲಾಗದ ಗಾಳಿಯಲ್ಲಿ ಬದುಕುವುದು ಹೇಗೆ? ಇಂದು ನೀರಿನ ಹಕ್ಕಿಗಳನ್ನು ನೋಡಿ ಕಲಿಯೋಣ.

ನಮಗೆ ಹತ್ತಿರದ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ನಡುಗಡ್ಡೆಗಳು ಕಾಣಿಸಿಕೊಳ್ಳುತ್ತವೆ. ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಅಲ್ಲಿ ಮರಿ ಮಾಡುತ್ತವೆ. ಮೀನು ಹುಡುಕುವಾಗ ಈ ಹಕ್ಕಿ ಗಾಳಿಗೆ ಬೆನ್ನು ಕೊಡುವುದಿಲ್ಲ, ಮುಖ ಕೊಡುತ್ತದೆ. ಎದುರು ಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುವುದರಿಂದ ಒಂದೇ ಕಡೆ ನಿಂತು ನೀರನ್ನು ನೋಡಲು ಸಾಧ್ಯವಾಗುತ್ತದೆ. ಮೀನು ಕಂಡೊಡನೆ ಧುಮುಕುತ್ತದೆ.

ನಡುಸಮುದ್ರದ ಹಕ್ಕಿಗಳ ವಿದ್ಯೆ ಇನ್ನೂ ದೊಡ್ಡದು. ದಕ್ಷಿಣದ ಸಾಗರಗಳಲ್ಲಿರುವ ದೊಡ್ಡ ಆಲ್ಬಟ್ರಾಸ್ ಹಕ್ಕಿ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 3 ಮೀಟರ್‌ ಇರುತ್ತದೆ. ಸಮುದ್ರದಲ್ಲಿ ನೀರಿನ ಹತ್ತಿರ ಗಾಳಿ ನಿಧಾನ, ಮೇಲೆ ಹೋದಂತೆ ಜೋರು. ಆಲ್ಬಟ್ರಾಸ್ ಗಾಳಿಗೆ ಎದುರಾಗಿ ಮೇಲೇರುತ್ತದೆ, ತಿರುಗಿ ಗಾಳಿಯ ಜೊತೆ ಕೆಳಗಿಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಗಾಳಿಯಿಂದಲೇ ವೇಗ ಪಡೆಯುತ್ತದೆ. ಹೀಗೆ ರೆಕ್ಕೆ ಬಡಿಯದೆಯೇ ನೂರಾರು ಕಿಲೋಮೀಟರ್ ಸಾಗುತ್ತದೆ. ಹಾಗೆ ಹಾರುವಾಗಲೂ ಅದರ ಎದೆಬಡಿತ ಕೂತು ದಣಿವಾರಿಸಿಕೊಳ್ಳುವಾಗಿನಷ್ಟೇ ಶಾಂತವಾಗಿರುವುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಗಾಳಿ ಪೂರ್ತಿ ನಿಂತರೆ ಈ ದೊಡ್ಡ ಹಕ್ಕಿ ನೀರಿನ ಮೇಲೆ ಕೂತುಬಿಡುತ್ತದೆ.

ಆಹಾರ ಹುಡುಕುವ ಕ್ರಮವನ್ನು ಗಮನಿಸಿ. ಆಲ್ಬಟ್ರಾಸ್ ಮತ್ತು ಪೆಟ್ರೆಲ್ ಹಕ್ಕಿಗಳು ವಾಸನೆಯನ್ನೂ ಹಿಡಿಯುತ್ತವೆ. ಅವು ಹುಡುಕುವಾಗ ಹೆಚ್ಚಾಗಿ ಗಾಳಿಗೆ ಅಡ್ಡವಾಗಿ ಹಾರುತ್ತವೆ. ಹಾಗೆ ಹಾರಿದರೆ ಬೇರೆ ಬೇರೆ ಕಡೆಯಿಂದ ತೇಲಿ ಬರುವ ವಾಸನೆ ಸಿಗುತ್ತದೆ. ವಾಸನೆ ಮೂಗಿಗೆ ತಾಗಿದಾಗ ಗಾಳಿ ಬಂದ ದಿಕ್ಕಿಗೇ ತಿರುಗಿ, ಅಂಕುಡೊಂಕಾಗಿ ಅದರ ಮೂಲ ತಲುಪುತ್ತವೆ. ಕಣದಲ್ಲಿ ರಾಶಿ ತೂರಿದ ನಮ್ಮ ಹಿರಿಯರಿಗೂ ಗಾಳಿಯ ದಿಕ್ಕು ನೋಡಿ ನಿಲ್ಲುವ ಈ ವಿದ್ಯೆ ಗೊತ್ತಿತ್ತು.

ಧಮ್ಮದ ಮಾತೂ ಇದೇ. ದುಃಖ ತಾಗಿದಾಗ ಓಡಿಹೋಗಬೇಡ, ಅದು ಬಂದ ದಿಕ್ಕಿಗೆ ತಿರುಗಿ ಕಾರಣವನ್ನು ಹುಡುಕು. ಮೊದಲ ಆರ್ಯಸತ್ಯದಿಂದ ಎರಡನೆಯದಕ್ಕೆ ಹೋಗುವ ದಾರಿ ಇದು.

ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಬೇರೆ ಬೇರೆ ಧರ್ಮದವರು ಕರೆದರು, ಹಲವರು ಬೈದರು. ಕರೆದವರ ಹಿಂದೆ ಅವರು ಹೋಗಲಿಲ್ಲ, ಬೈದವರಿಗೆ ಹೆದರಿ ನಿಲ್ಲಲೂ ಇಲ್ಲ. ಓದಿದರು, ತೂಗಿ ನೋಡಿದರು, ಹುಡುಕಿದರು.

ಆದರೆ ಒಂದು ಎಚ್ಚರ ಬೇಕು. ಸಮುದ್ರದ ಗಾಳಿ ಪ್ರಕೃತಿಯದು. ಜಾತಿಯ ಗಾಳಿ ಮನುಷ್ಯರು ಬೀಸಿದ್ದು. ಅದನ್ನು ಸಹಿಸಿಕೊಂಡು ಸುಮ್ಮನಿರುವುದಕ್ಕೆ ಉಪೇಕ್ಷೆ ಎಂಬ ಹೆಸರು ಕೊಡಬಾರದು. 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮವರ ಮೇಲೆ ಹಲ್ಲೆ ನಡೆಯಿತು. ಬಾಬಾಸಾಹೇಬರು ತಮ್ಮ ಜನ ತಿರುಗಿ ಹೊಡೆಯದಂತೆ ತಡೆದರು, ಹಾಗೆಂದು ಹಕ್ಕನ್ನು ಬಿಟ್ಟುಕೊಡಲಿಲ್ಲ. ಕೆರೆಯ ಮೊಕದ್ದಮೆ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ಮುಗಿಯುವವರೆಗೆ 10 ವರ್ಷ ಹೋರಾಡಿದರು. ಎದೆಬಡಿತ ಶಾಂತವಾಗಿರಬೇಕು, ಹಾರಾಟ ಮಾತ್ರ ನಿಲ್ಲಬಾರದು.

ನಮ್ಮ ಮನೆಗಳಿಗೂ ಗಾಳಿ ಬೀಸುತ್ತದೆ. "ದೇವರ ಫೋಟೋ ತೆಗೆದಿರಂತೆ, ಜಾತ್ರೆಗೂ ಬರಲ್ವಂತೆ, ಇನ್ನು ನಿಮ್ಮ ಮಗಳಿಗೆ ಗಂಡು ಯಾರು ಕೊಡ್ತಾರೆ?" ಎಂದು ನೆಂಟರೇ ಕೇಳುತ್ತಾರೆ. ಆ ಮಾತಿನ ಹಿಂದೆ ದ್ವೇಷ ಇದೆಯೋ, ಹೆದರಿಕೆ ಇದೆಯೋ ನೋಡಿ. ಹೆದರಿಕೆಯಾದರೆ ಕೂತು ಮಾತಾಡಿ, ಪ್ರೀತಿಯಿಂದ ತಿಳಿಸಿ. ದ್ವೇಷ ಅವಮಾನಕ್ಕೆ ಇಳಿದರೆ ಕಾನೂನಿದೆ, ಸಂಘಟನೆಯಿದೆ. ಏಪ್ರಿಲ್ 14ರ ವೇದಿಕೆಯಲ್ಲಿ ಹಾರ ಹಾಕಿ ಹೊಗಳುವುದೂ ಗಾಳಿಯೇ. ಅದು ಹಿತವಾಗಿ ಬೀಸುವುದರಿಂದ ದಿಕ್ಕು ತಪ್ಪಿದ್ದೇ ಗೊತ್ತಾಗುವುದಿಲ್ಲ.

*ಇಂದಿನ ಅಭ್ಯಾಸ:* ಇವತ್ತು ಯಾರಾದರೂ ಬೈದರೆ ಅಥವಾ ಹೊಗಳಿದರೆ, ಉತ್ತರ ಕೊಡುವ ಮೊದಲು ಮೂರು ಉಸಿರು ಗಮನಿಸಿ. ಇದು ಎಂಟರಲ್ಲಿ ಯಾವ ಗಾಳಿ, ಎಲ್ಲಿಂದ ಬಂತು, ಏನು ಸುಳಿವು ತಂದಿದೆ ಎಂದು ಕೇಳಿಕೊಳ್ಳಿ. ಆಮೇಲೆ ಮಾತಾಡಿ. ಸಂಜೆ ಮನೆಯವರೆಲ್ಲ ಕೂತು ತ್ರಿಶರಣ, ಪಂಚಶೀಲ ಹೇಳಿದ ನಂತರ ಮಕ್ಕಳಿಗೆ ಈ ಹಕ್ಕಿಗಳ ಕಥೆ ಹೇಳಿ.

ಸರ್ವರಿಗೂ ಮಂಗಳವಾಗಲಿ.
ಜೈ ಭೀಮ್, ನಮೋ ಬುದ್ಧಾಯ 🙏