ನಮಾಝಿನಲ್ಲಿ ನೆಮ್ಮದಿ ಸಿಗದಿದ್ದರೆ?

ಐದು ಹೊತ್ತಿನ ನಮಾಝನ್ನು ತಪ್ಪಿಸುವುದಿಲ್ಲ, ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡು ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕುಳಿತರೆ ಮಾತ್ರ ಹಗುರವೆನಿಸುತ್ತದೆ. ಹಾಗಾದರೆ ನನ್ನ ಈಮಾನಿನಲ್ಲೇ ದೋಷವಿದೆಯೇ? ಇದು ಬಿ.ಟಿ.ಎಂ. ಲೇಔಟಿನಲ್ಲಿ ನೌಕರಿ ಮಾಡುವ ತರುಣನೊಬ್ಬನ ಪ್ರಶ್ನೆ. ಪ್ರಿಯ ಓದುಗರೇ, ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಇರಬಹುದು. ಕೇಳಲು ಧೈರ್ಯ ಸಾಲದೆ ಯಾರೋ ಅದನ್ನು ಒಳಗೇ ಇಟ್ಟುಕೊಂಡಿರಬಹುದು.

ಇಂತಹವರಿಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಗದರಿಕೆ: ನಿನ್ನ ವಿಶ್ವಾಸ ದುರ್ಬಲವಾಗಿದೆ, ಇನ್ನಷ್ಟು ನಮಾಝ್ ಮಾಡು. ಇನ್ನೊಂದು, ಜಾಹೀರಾತು: ನಮಾಝೇ ಅತ್ಯುತ್ತಮ ವ್ಯಾಯಾಮ, ಸುಜೂದಿನಲ್ಲಿ ಮೆದುಳಿಗೆ ರಕ್ತ ಹರಿಯುತ್ತದೆ, ಅದಕ್ಕೆ ಸಮನಾದ ಧ್ಯಾನವೇ ಇಲ್ಲ. ಈ ಎರಡನೆಯ ಬಗೆಯ ಕರಪತ್ರಗಳನ್ನು ಓದುವಾಗ ನನಗೆ ಮುಜುಗರವಾಗುತ್ತದೆ. ಅಲ್ಲಾಹನ ಮುಂದೆ ದಾಸನು ನಿಲ್ಲುವುದನ್ನು ಜಿಮ್ಮಿನ ಜೊತೆ ಪೈಪೋಟಿಗಿಳಿಸಿದರೆ, ನಾಳೆ ಅದಕ್ಕಿಂತ ಒಳ್ಳೆಯ ಜಿಮ್ ಸಿಕ್ಕಾಗ ಏನು ಮಾಡುವುದು?

ಎರಡೂ ಉತ್ತರಗಳ ತಳಹದಿ ಒಂದೇ: ನೆಮ್ಮದಿ ಸಿಕ್ಕಿತೇ ಇಲ್ಲವೇ ಎಂಬುದೇ ಆರಾಧನೆಯ ಅಳತೆಗೋಲು ಎಂಬ ಭಾವನೆ. ಅಲ್ಲಾಹನ ಸ್ಮರಣೆಯಿಂದ ಹೃದಯಗಳು ಶಾಂತವಾಗುತ್ತವೆ ಎಂದು ಪವಿತ್ರ ಕುರ್‌ಆನ್ ತಿಳಿಸಿದೆ, ಸಂದೇಹವಿಲ್ಲ. ಆದರೆ ಮಗ ಯೂಸುಫರನ್ನು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದೂ ಅದೇ ಕುರ್‌ಆನ್ ತಿಳಿಸಿದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಯಾರು ತಾನೇ ಹೇಳಿಯಾರು? ಹಝ್ರತ್ ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷ ಇಸ್ಲಾಮೀ ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಹೆಸರಾಗಿದೆ. ಚಿಂತೆ ಮತ್ತು ದುಃಖದಿಂದ ರಕ್ಷಣೆ ಬೇಡಿ ಪ್ರವಾದಿವರ್ಯರು(ಸ) ಪ್ರಾರ್ಥಿಸುತ್ತಿದ್ದರು. ಬಾಧಿಸುವ ವಸ್ತುವಿನಿಂದಲ್ಲವೇ ರಕ್ಷಣೆ ಬೇಡುವುದು?

ಆ್ಯಪ್‌ಗಳು ಕಲಿಸುವ 'ಮೈಂಡ್‌ಫುಲ್‌ನೆಸ್' ಎಲ್ಲಿಂದ ಬಂತೆಂಬುದನ್ನೂ ನೋಡೋಣ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಝಿನ್ ಎಂಬವರು ಬೌದ್ಧ ಧ್ಯಾನಪದ್ಧತಿಯಿಂದ ಧಾರ್ಮಿಕ ಅಂಶವನ್ನು ಬದಿಗಿರಿಸಿ, ರೋಗಿಗಳಿಗಾಗಿ ಎಂಟು ವಾರಗಳ ತರಬೇತಿಯನ್ನು ರೂಪಿಸಿದರು. ಉಸಿರನ್ನು ಗಮನಿಸುತ್ತಾ ಸುಮ್ಮನೆ ಕುಳಿತುಕೊಳ್ಳುವುದು ಲಾಲ್‌ಬಾಗಿನಲ್ಲಿ ಬೆಳಗ್ಗೆ ನಡೆದಾಡುವಂತೆ ದೇಹಕ್ಕೆ ಒಂದು ಅಭ್ಯಾಸ. ಅದರಲ್ಲಿ ಅನ್ಯ ಆರಾಧನೆಯ ಪಠಣ ಬೆರೆತಿದ್ದರೆ ವಿಶ್ವಾಸಿಯು ದೂರವಿರಬೇಕು. ಇಲ್ಲವಾದರೆ ಭಯಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಆದರೆ ಆ ತರುಣನಿಗೆ ನಾನು ಮರುಪ್ರಶ್ನೆ ಹಾಕಿದೆ: ಆ್ಯಪಿಗೆ ಹತ್ತು ನಿಮಿಷ ಕೊಡುತ್ತೀರಿ, ಝುಹ್ರ್‌ನ ನಾಲ್ಕು ರಕಅತ್‌ಗೆ ಎಷ್ಟು? ಆತರಾತುರಿಯಲ್ಲಿ ನಮಾಝ್ ಮುಗಿಸಿದ ಒಬ್ಬರನ್ನು ಪ್ರವಾದಿವರ್ಯರು(ಸ) ಮೂರು ಬಾರಿ ಹಿಂದೆ ಕಳುಹಿಸಿ, ಬಳಿಕ ಪ್ರತಿಯೊಂದು ಭಂಗಿಯಲ್ಲೂ ಅಂಗಾಂಗಗಳು ಸ್ತಿಮಿತಕ್ಕೆ ಬರುವವರೆಗೆ ನಿಲ್ಲಲು ಕಲಿಸಿದ ಘಟನೆ ಹದೀಸಿನಲ್ಲಿ ಪ್ರಸಿದ್ಧವಾಗಿದೆ. ತಿಲಕ್‌ನಗರ, ಗುರಪ್ಪನಪಾಳ್ಯ, ಇಲ್ಯಾಸ್‌ನಗರ, ಯಾವ ಮಸೀದಿಯಲ್ಲಾದರೂ ಸಲಾಮ್ ಹೇಳಿದ ಮರುಕ್ಷಣ ಜೇಬಿಗೆ ಹೋಗುವ ಕೈಗಳನ್ನು ಎಣಿಸಿ ನೋಡಿ. ಮನಸ್ಸನ್ನು ಒಂದೆಡೆ ನಿಲ್ಲಿಸುವ ಪಾಠ ನಮ್ಮ ಮನೆಯಲ್ಲೇ ಇತ್ತು. ನಾವು ಅದರ ಅಂಗಚಲನೆಯನ್ನಷ್ಟೇ ಉಳಿಸಿಕೊಂಡೆವು.

ಎರಡರ ನಡುವೆ ಒಂದು ಮೂಲಭೂತ ವ್ಯತ್ಯಾಸವೂ ಇದೆ. ಉಸಿರಿನ ಅಭ್ಯಾಸದಲ್ಲಿ ನಾನು ನನ್ನನ್ನು ನೋಡುತ್ತೇನೆ. ನಮ್ಮ ವಿದ್ವಾಂಸರು ಮುರಾಕಬಾ ಎಂದು ಕರೆದದ್ದು ಒಬ್ಬನು ನನ್ನನ್ನು ನೋಡುತ್ತಿದ್ದಾನೆ ಎಂಬ ಎಚ್ಚರವನ್ನು. ಇಮಾಮ್ ಗಝಾಲಿ(ರ)ಯವರು 'ಇಹ್ಯಾ ಉಲೂಮಿದ್ದೀನ್'ನಲ್ಲಿ ಇದಕ್ಕೂ ಆತ್ಮವಿಚಾರಣೆಗೂ, ಅಂದರೆ ಮುಹಾಸಬಾಕ್ಕೂ, ಸೇರಿಸಿ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆ ಎಚ್ಚರದ ಪರೀಕ್ಷೆ ಮುಸಲ್ಲಾದ ಮೇಲಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಡ್ಡ ಬಂದ ಆಟೋದವನ ಮೇಲೆ ನಾಲಗೆ ಹೇಗೆ ಹರಿಯುತ್ತದೆ, ಮನೆಕೆಲಸದಾಕೆ ಒಂದು ದಿನ ತಡವಾಗಿ ಬಂದರೆ ಸ್ವರ ಹೇಗಿರುತ್ತದೆ, ರಾತ್ರಿ ಮಡದಿ ಮಾತನಾಡುವಾಗ ಕಣ್ಣು ಎಲ್ಲಿರುತ್ತದೆ ಎಂಬಲ್ಲಿದೆ. ಬಹಳ ಶಾಂತನಾಗಿರುವ ಮನುಷ್ಯನು ಬಾಡಿಗೆದಾರನ ಅಡ್ವಾನ್ಸ್ ಹಣವನ್ನು ಶಾಂತವಾಗಿಯೇ ನುಂಗಬಲ್ಲ!

ಇಷ್ಟೆಲ್ಲ ಸರಿಪಡಿಸಿಕೊಂಡರೂ ಕೆಲವರಿಗೆ ನಿದ್ರೆ ಬರುವುದಿಲ್ಲ, ಎದೆಬಡಿತ ನಿಲ್ಲುವುದಿಲ್ಲ, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಹುಟ್ಟುವುದಿಲ್ಲ. ಆಗ ಅದು ರೋಗ. ಕ್ರಿ.ಶ. 1095ರಲ್ಲಿ ಸ್ವತಃ ಇಮಾಮ್ ಗಝಾಲಿಯವರ ಮನಃಸಂಕಟ ಎಷ್ಟು ತೀವ್ರವಾಯಿತೆಂದರೆ, ಬಗ್ದಾದಿನ ಪಾಠಪೀಠದಲ್ಲಿ ನಾಲಗೆ ಕಟ್ಟಿತು, ಉಂಡದ್ದು ಜೀರ್ಣವಾಗದಾಯಿತು. ಅವರಿಗಿಂತಲೂ ಮೊದಲೇ, 934ರಲ್ಲಿ ನಿಧನರಾದ ಅಬೂ ಝೈದ್ ಅಲ್‌ಬಲ್ಖಿಯವರು ದೇಹದ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು. ಕಾರಣ ತಿಳಿದಿರುವ ದುಃಖವನ್ನೂ ಕಾರಣವೇ ತಿಳಿಯದ ದುಃಖವನ್ನೂ ಅವರು ಬೇರೆಬೇರೆಯಾಗಿ ಗುರುತಿಸಿದ್ದರು. ಇಂದು ನಾವೋ ಮಗಳು ಮಂಕಾದರೆ ಮೊದಲು ತಾಯಿತ ಹುಡುಕುತ್ತೇವೆ, ವೈದ್ಯರ ಬಳಿ ಹೋದರೆ ಮದುವೆಗೆ ಅಡ್ಡಿಯಾದೀತೆಂದು ಅಂಜುತ್ತೇವೆ. ದೇಹದಂತೆ ಮನಸ್ಸೂ ಅಲ್ಲಾಹನ ಅಮಾನತ್. ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂಬ ಪ್ರವಾದಿ(ಸ)ರ ಆದೇಶ ಜ್ವರಕ್ಕೆ ಮಾತ್ರ ಸೀಮಿತವಲ್ಲ.

ದಕ್ಷಿಣ ಬೆಂಗಳೂರಿನಲ್ಲಿರುವ ನಮಗಂತೂ ದೂರದ ನೆಪವೂ ಇಲ್ಲ. 1974ರಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿ, ಜಯನಗರದ ಮಗ್ಗುಲಲ್ಲೇ ಇದೆ. ಹೋಗಲು ಸಂಕೋಚವೆನಿಸಿದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ಸೇವಿಸುತ್ತಿರುವವರು ರಮಝಾನಿನಲ್ಲಿ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಸಹರಿ ಮತ್ತು ಇಫ್ತಾರಿನ ವೇಳೆಗೆ ಹೊಂದಿಸಬಹುದೇ ಎಂದು ಮುಂಚಿತವಾಗಿ ವೈದ್ಯರಲ್ಲಿ ಕೇಳಬೇಕು. ಸಾಧ್ಯವಿಲ್ಲವೆಂದಾದರೆ, ರೋಗಿಗೆ ಉಪವಾಸದಿಂದ ರಿಯಾಯಿತಿ ನೀಡಿದವನು ಅಲ್ಲಾಹನೇ.