ಮೂರು ತಲೆಮಾರಿನ ಲೆಕ್ಕ

ಬ್ಯಾಂಕಾಕಿನಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದ ಚರಿತ್ರೆಯ ಊರುಗಳಲ್ಲಿ ಎಲ್ಲರೂ ಹೇಳುವುದು ಎರಡನ್ನು. ಉತ್ತರಕ್ಕೆ ಸುಮಾರು 80 ಕಿ.ಮೀ. ಹೋದರೆ ಅಯುತ್ಥಯ, ಪಶ್ಚಿಮಕ್ಕೆ 130 ಕಿ.ಮೀ. ಹೋದರೆ ಕಾಂಚನಬುರಿ. ಮಗಳ ಮನೆಗೆ ಬಂದು ಹೋಗುವ ನನ್ನಂಥವರಿಗೆ ಸಿಗುವುದು ಅಳಿಯಂದಿರ ಬಿಡುವಿನ ಒಂದು ಭಾನುವಾರ. “ಅತ್ತೆ, ಎರಡೂ ಆಗಲ್ಲ, ಯಾವುದು ಹೇಳಿಬಿಡಿ” ಎಂದು ಅವರು ಕೇಳುತ್ತಾರೆ. ಪ್ರವಾಸದ ಪುಸ್ತಕಗಳು ಇದಕ್ಕೆ ದೂರ, ಬಿಸಿಲು, ಊಟದ ಲೆಕ್ಕ ಹೇಳುತ್ತವೆ. ನನಗೆ ಮಾತ್ರ ಇದು ಬೇರೆಯೇ ಲೆಕ್ಕ. ಸತ್ತವರಲ್ಲಿ ಯಾರ ಋಣ ಮೊದಲು?

ಶ್ರಾದ್ಧ ನನಗೆ ಗೊತ್ತಿರುವುದು ಅಡುಗೆಮನೆಯ ಕಡೆಯಿಂದ. ಟೊಮ್ಯಾಟೊ, ಕೋಸು ಆಗದು. ಬಾಳೆಕಾಯಿ, ಹಾಗಲಕಾಯಿ, ಉದ್ದಿನ ವಡೆ, ಎಳ್ಳಿನ ಚಿಗುಳಿ ಆಗಲೇಬೇಕು. ವಡೆ ಕರಿಯುತ್ತ ನಡುಮನೆಯ ಮಂತ್ರಕ್ಕೆ ಕಿವಿಗೊಟ್ಟು ಕಲಿತದ್ದಿಷ್ಟು: ಹೆಸರು, ಗೋತ್ರ ಹೇಳಿ ಪಿಂಡ ಇಡುವುದು ತಂದೆ, ಅಜ್ಜ, ಮುತ್ತಜ್ಜ ಈ ಮೂವರಿಗೆ. ಅದಕ್ಕೂ ಹಿಂದಿನವರಿಗೆ ಸಲ್ಲುವುದು ಕೈಗಂಟಿದ ಅನ್ನ ಮಾತ್ರ, ಅದನ್ನು ದರ್ಭೆಗೆ ಒರೆಸುತ್ತಾರೆ. ಚಿಕ್ಕವಳಿದ್ದಾಗ ಇದು ಜಿಪುಣತನ ಅನ್ನಿಸುತ್ತಿತ್ತು. ಈಗ ವಿವೇಕ ಅನ್ನಿಸುತ್ತದೆ. ಮುತ್ತಜ್ಜನ ಮುಖ ನೋಡಿದವರೋ, ನೋಡಿದವರ ಬಾಯಿಂದ ಕೇಳಿದವರೋ ಮನೆಯಲ್ಲಿ ಇರುವವರೆಗೆ ಅವನಿಗೆ ಹೆಸರುಂಟು. ಆಮೇಲೆ ಅವನನ್ನು ಎಲ್ಲರೊಳಗೆ ಒಬ್ಬನಾಗಿ ಬಿಟ್ಟುಕೊಡಬೇಕು. ದುಃಖಕ್ಕೂ ಅವಧಿ ಇಟ್ಟ ಧರ್ಮ ಅದು.

ಈ ಲೆಕ್ಕದಲ್ಲಿ ಅಯುತ್ಥಯ ಅವಧಿ ಮುಗಿದ ಊರು. ಅಯೋಧ್ಯೆಯ ಹೆಸರು ಹೊತ್ತು 1351ರಲ್ಲಿ ಎದ್ದ ಈ ರಾಜಧಾನಿಯನ್ನು 1767ರಲ್ಲಿ ಬರ್ಮಾದ ಸೇನೆ ಸುಟ್ಟಿತು. ನಮ್ಮವರು ಬಂದರೆ “ಇದು ಇವರ ಹಂಪಿ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವಾಟ್ ಫ್ರಾ ಸಿ ಸಾನ್‌ಫೆಟ್ ಎಂಬಲ್ಲಿ ಸುಮಾರು 16 ಮೀಟರ್ ಎತ್ತರದ, ಚಿನ್ನ ಹೊದಿಸಿದ ನಿಂತ ಬುದ್ಧನಿದ್ದ. ಆ ಚಿನ್ನಕ್ಕಾಗಿ ಅವನಿಗೆ ಬೆಂಕಿ ಇಟ್ಟರು. ಉಳಿದ ಭಾಗವನ್ನು ಮುಂದೆ ಒಂದನೇ ರಾಮ ದೊರೆ ಬ್ಯಾಂಕಾಕಿಗೆ ತರಿಸಿ ವಾಟ್ ಫೋದ ಸ್ತೂಪವೊಂದರೊಳಗೆ ಇರಿಸಿದ. ಸುಟ್ಟ ನಗರದ ಇಟ್ಟಿಗೆಗಳೂ ಹೊಸ ರಾಜಧಾನಿ ಕಟ್ಟಲು ನದಿಯ ಮೇಲೆ ಇಳಿದು ಬಂದವು. ಸತ್ತ ಊರಿಗೆ ಆಗಬೇಕಾದ ಸಂಸ್ಕಾರವೆಲ್ಲ ಆಗಿದೆ.

ಅಲ್ಲಿ ತಲೆ ಇಲ್ಲದ ಬುದ್ಧರ ಸಾಲು ನೋಡುತ್ತಿದ್ದರೆ “ಎಲ್ಲ ಅನಿತ್ಯ” ಎಂಬ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಸುಟ್ಟದ್ದು ನಮ್ಮ ಮನೆಯಲ್ಲವಲ್ಲ! ಬುದ್ಧ ಆ ಮಾತು ಹೇಳುವಾಗ ಕೇಳುವವರ ಸ್ವಂತ ದೇಹವನ್ನೂ ತೋರಿಸಿದ, ಪರರ ಪಾಳುಗೋಡೆಯನ್ನಷ್ಟೇ ಅಲ್ಲ. ಥಾಯಿ ಜನ ಈ ವಿಷಯದಲ್ಲಿ ನಮಗಿಂತ ಎಚ್ಚರದವರು. ವಾಟ್ ಮಹಾಥಾತ್‌ನಲ್ಲಿ ಮರದ ಬೇರು ಹೆಣೆದುಕೊಂಡ ಬುದ್ಧನ ಶಿರವಿದೆ. ಅದರ ಪಕ್ಕ ಫೋಟೋ ಬೇಕೆಂದರೆ ನಿಮ್ಮ ತಲೆ ಅದಕ್ಕಿಂತ ಕೆಳಗಿರಬೇಕು, ಕೂರಬೇಕು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಎನ್ನುವ ನಮ್ಮ ಶಾಸ್ತ್ರಕ್ಕಿಂತ ಈ ನಿಯಮ ನನಗೆ ಹಿಡಿಸಿತು.

ಕಾಂಚನಬುರಿಯ ಸಾವುಗಳು ಇನ್ನೂ ಮೂರು ತಲೆಮಾರಿನ ಒಳಗಿವೆ. ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ರೈಲುಹಾದಿಯನ್ನು ಜಪಾನಿ ಸೇನೆ 1942–43ರಲ್ಲಿ, ಸುಮಾರು ಒಂದು ವರ್ಷದಲ್ಲಿ, ಹಾಕಿಸಿತು. ದುಡಿದವರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು. ಬ್ರಿಟಿಷರು, ಡಚ್ಚರು, ಆಸ್ಟ್ರೇಲಿಯನ್ನರು. ಕಾಲರಾ, ಮಲೇರಿಯಾ, ಹಸಿವು, ಹೊಡೆತಗಳಿಂದ ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಊರೊಳಗಿನ ಸೈನಿಕ ಸ್ಮಶಾನದಲ್ಲಿ 6,982 ಮಂದಿಯ ಸಮಾಧಿಗಳಿವೆ. ಕತ್ತರಿಸಿದ ಹುಲ್ಲು, ಸಾಲುಸಾಲು ಕಂಚಿನ ಫಲಕ, ಹೆಸರು, ವಯಸ್ಸು, ಕೆಲವುದರಲ್ಲಿ ಮನೆಯವರು ಬರೆಸಿದ ಒಂದು ಸಾಲು. ಇಪ್ಪತ್ಮೂರು, ಇಪ್ಪತ್ತೈದು ಎಂದು ಓದುತ್ತ ಹೋದರೆ ನನ್ನ ಮೊಮ್ಮಗನ ವಯಸ್ಸಿಗೆ ಬಂದು ನಿಲ್ಲುತ್ತೇನೆ.

ಆದರೆ ಹಾದಿ ಹಾಕಿದವರಲ್ಲಿ ಹೆಚ್ಚಿನವರು ಇವರಲ್ಲ. ಬರ್ಮಾ, ಜಾವಾ, ಮಲಯಗಳಿಂದ ತಂದ ಏಷ್ಯಾದ ಕೂಲಿಗಳು ಅವರು. ಮಲಯದ ರಬ್ಬರ್ ತೋಟಗಳ ತಮಿಳರು ಅದರಲ್ಲಿ ಬಹಳ. ಒಳ್ಳೆ ಕೂಲಿ ಎಂದು ನಂಬಿಸಿ ಕೆಲವರನ್ನು, ಹಿಡಿದೆಳೆದು ಕೆಲವರನ್ನು ತಂದರು. ಸತ್ತವರು ತೊಂಬತ್ತು ಸಾವಿರ ಎಂಬುದು ಒಂದು ಅಂದಾಜು. ಕೈದಿಗಳ ಲೆಕ್ಕವನ್ನು ಅವರ ಅಧಿಕಾರಿಗಳು ಇಟ್ಟರು, ಕೂಲಿಗಳ ಲೆಕ್ಕ ಇಡುವವರು ಇರಲಿಲ್ಲ. ಅವರಿಗೆ ಫಲಕವೂ ಇಲ್ಲ, ವಯಸ್ಸೂ ಇಲ್ಲ.

ಇನ್ನು ಕೊಂದವರು ಮಾಡಿದ ಶ್ರಾದ್ಧದ ಮಾತು. ಆ ರೈಲುಹಾದಿ ಕಾಂಚನಬುರಿಯಲ್ಲಿ ನದಿ ದಾಟುವ ಸೇತುವೆಯ ಹತ್ತಿರ ಸತ್ತವರ ನೆನಪಿಗೆ ಸ್ಮಾರಕ ನಿಲ್ಲಿಸಿದ್ದು ಜಪಾನಿ ಸೇನೆಯೇ, ಅದೂ 1944ರಲ್ಲಿ. ಕೈದಿಗಳು ಆಗಿನ್ನೂ ಅವರ ಕೈಯಲ್ಲೇ ಇದ್ದರು. ಅಯುತ್ಥಯದಲ್ಲೂ ಇಂಥದೊಂದು ನಡೆದಿದೆ: ಅಲ್ಲಿನ ಇನ್ನೊಂದು ದೊಡ್ಡ ಬುದ್ಧಮೂರ್ತಿಯ ಹಾಳಾದ ವಿಹಾರವನ್ನು ಮತ್ತೆ ಕಟ್ಟಲು 1950ರ ದಶಕದಲ್ಲಿ ಬರ್ಮಾದ ಪ್ರಧಾನಿ ಊ ನು ಹಣ ಕೊಟ್ಟರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನ್ನಿಂದಾಗದು. ಕೋಲು ಕೆಳಗಿಡದೆ ಮಾಡಿದ ಪ್ರಾಯಶ್ಚಿತ್ತ ಪ್ರಾಯಶ್ಚಿತ್ತವಲ್ಲ.

“ಆ ಕೂಲಿಗಳು ನಮಗೇನಾಗಬೇಕಿತ್ತು?” ಎಂದು ಕೇಳುವವರುಂಟು, ನನ್ನ ತಮ್ಮನೇ ಫೋನಿನಲ್ಲಿ ಕೇಳಿದ. ಪ್ರತಿ ಮಹಾಲಯಕ್ಕೆ ತರ್ಪಣ ಬಿಡುವವನು ಅವನು. ಆ ತರ್ಪಣದ ಕೊನೆಗೆ ತಾಯಿಯಿಲ್ಲದ, ತಂದೆಯಿಲ್ಲದ, ನೀರು ಬಿಡುವ ನೆಂಟರಿಲ್ಲದ ಎಲ್ಲರಿಗೂ ಒಂದು ಬೊಗಸೆ ಉಂಟು, ಅವನೇ ಬಿಡುತ್ತಾನೆ. ಇಲ್ಲಿನ ದೇವಾಲಯಗಳಲ್ಲೂ ಭಿಕ್ಷುಗಳು ಮಂತ್ರ ಹೇಳುತ್ತಿರುವಾಗ ಜನ ಪುಟ್ಟ ಗಿಂಡಿಯಿಂದ ಬಟ್ಟಲಿಗೆ ನೀರು ಸುರಿದು, ತಮ್ಮ ಪುಣ್ಯವನ್ನು ಸತ್ತವರಿಗೆ ಬಿಟ್ಟುಕೊಟ್ಟು, ಆ ನೀರನ್ನು ಮರದ ಬುಡಕ್ಕೆ ಹಾಕಿ ಬರುತ್ತಾರೆ. ಎರಡು ಧರ್ಮಗಳು ಆತ್ಮದ ವಿಷಯದಲ್ಲಿ ಶತಮಾನಗಟ್ಟಲೆ ಜಗಳವಾಡಿವೆ, ನೀರಿನ ವಿಷಯದಲ್ಲಿ ಒಪ್ಪಿವೆ. ತರ್ಪಣದ ಅಧಿಕಾರ ಹೆಂಗಸರಿಗಿಲ್ಲ ಎನ್ನುತ್ತಾರೆ. ಹೋಗಿ ನಿಂತು ಬರುವುದಕ್ಕೆ ಜನಿವಾರ ಬೇಕಿಲ್ಲ.

ಸೇತುವೆ ಜಾತ್ರೆಯಂತಿದೆ, ನಿಜ. ಅದರ ಕುರಿತ ಸಿನಿಮಾ ನೋಡಿ ಬಂದವರ ನೂಕುನುಗ್ಗಲು, ಐಸ್‌ಕ್ರೀಮು, ಟೀ-ಶರ್ಟು. ಅದರಿಂದ ಮುಜುಗರವಾಗಿ ಹೋಗದೇ ಇರುವುದು ತಪ್ಪು. ಮಸಣದ ಪಕ್ಕ ಸಂತೆ ನೆರೆಯುವುದು ನಮ್ಮೂರಲ್ಲೂ ಇದೆ.

ಆದ್ದರಿಂದ ಒಂದೇ ದಿನವಿದ್ದರೆ ಕಾಂಚನಬುರಿಗೆ ಹೋಗಿ. ಅಯುತ್ಥಯ ಇನ್ನೂರೈವತ್ತು ವರ್ಷ ಕಾದಿದೆ, ಮುಂದಿನ ಸಲಕ್ಕೂ ಕಾಯುತ್ತದೆ. ಥೊನ್‌ಬುರಿ ನಿಲ್ದಾಣದಿಂದ ಬೆಳಿಗ್ಗೆ ನಿಧಾನದ ರೈಲುಂಟು. ಸ್ಮಶಾನ ಕಾಂಚನಬುರಿ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಅದನ್ನು ನೋಡಿದ ಮೇಲೆ ಸೇತುವೆಗೆ ಓಡಬೇಡಿ. ಅದೇ ಊರಿನಲ್ಲಿ, ವಾಟ್ ಥಾವೊನ್ ವರಾರಾಮ್ ಎಂಬ ದೇವಾಲಯದ ಬಳಿ, ಏಷ್ಯಾದ ಕೂಲಿಗಳ ಮೂಳೆಗಳನ್ನು ಒಟ್ಟಿಗೆ ಹೂತು ಕಟ್ಟಿದ ಗೋರಿಯಿದೆ. ಮೊದಲು ಅಲ್ಲಿಗೆ ಹೋಗಿ.